ಬಾಡಿಗೆಗೆ ಕೊಡಲು ಮೊದಲ ಮನೆ: ಸಾಲ ಸಲಹೆಗಾರರನ್ನು ಕೇಳಿ

ಸದಸ್ಯ 1: ನಮಸ್ಕಾರ ಮೇಡಂ. ಬಾಡಿಗೆಗೆ ಕೊಡಲು ಒಂದು ಫ್ಲ್ಯಾಟ್ ಕೊಳ್ಳಬೇಕು ಅಂತಿದ್ದೇನೆ. ಮೊದಲು ಏನು ನೋಡಬೇಕು?

ಸಲಹೆಗಾರ್ತಿ: ನಮಸ್ಕಾರ. ಅಕ್ಕಪಕ್ಕದ ಅಂಥದೇ ಮನೆಗಳಿಗೆ ನಿಜವಾಗಿ ಎಷ್ಟು ಬಾಡಿಗೆ ಬರುತ್ತಿದೆ, ಖಾಲಿಯಾದರೆ ಎಷ್ಟು ದಿನಕ್ಕೆ ಜನ ಸಿಗುತ್ತಾರೆ ಅಂತ ವಿಚಾರಿಸಿ. ಜಾಹೀರಾತಿನಲ್ಲಿರುವುದು ಮಾಲೀಕರು ಕೇಳುವ ಬಾಡಿಗೆ. ವರ್ಷಕ್ಕೆ ಒಂದೇ ತಿಂಗಳು ಖಾಲಿ ಬಿದ್ದರೂ ಶೇ. 8ಕ್ಕಿಂತ ಜಾಸ್ತಿ ಆದಾಯ ಹೋಯಿತು.

ಸದಸ್ಯೆ 2: ಒಂದು ಫಾರ್ವರ್ಡ್ ಬಂದಿದೆ. "ತಿಂಗಳ ಬಾಡಿಗೆ ಬೆಲೆಯ ಶೇ. 1 ಇದ್ದರೆ ಕಣ್ಣು ಮುಚ್ಚಿ ಕೊಳ್ಳಿ." ಸರಿನಾ?

ಸಲಹೆಗಾರ್ತಿ: ಬೇಡ. ಆ ಸೂತ್ರದಲ್ಲಿ ಬಡ್ಡಿ, ತೆರಿಗೆ, ರಿಪೇರಿ ಯಾವುದೂ ಇಲ್ಲ.

ಸದಸ್ಯ 3: ನನ್ನ ಕೈಯಲ್ಲಿ ದುಡ್ಡಿಲ್ಲ. ಅಮ್ಮ ಇರುವ ಮನೆ ಅಡ ಇಟ್ಟು ಮುಂಗಡ ಕಟ್ಟುತ್ತೇನೆ, ಉಳಿದದ್ದಕ್ಕೆ ಗೃಹಸಾಲ. ಬಾಡಿಗೆಯಲ್ಲೇ ಎರಡೂ ಕಂತು ಹೋಗುತ್ತೆ ಅಂತ ಏಜೆಂಟ್ ಹೇಳಿದ್ದಾರೆ. ನಾಳಿದ್ದು ಸಹಿ.

ಸಲಹೆಗಾರ್ತಿ: ದಯವಿಟ್ಟು ಸಹಿ ಮುಂದೂಡಿ. ಫ್ಲ್ಯಾಟಿನ ಬೆಲೆ 100 ಅಂತಿಟ್ಟುಕೊಳ್ಳಿ, ವರ್ಷದ ಬಾಡಿಗೆ 6. ಖಾಲಿ ದಿನ, ರಿಪೇರಿ, ನಿರ್ವಹಣೆ, ತೆರಿಗೆ, ವಿಮೆಗೆ 2 ಹೋದರೆ ಕೈಗೆ 4. ನಿಮ್ಮದು ಪೂರ್ತಿ ಸಾಲದ ದುಡ್ಡು. ಬಡ್ಡಿ ಶೇ. 9 ಆದರೆ ಮೊದಲ ವರ್ಷ ಬಡ್ಡಿಗೇ ಸುಮಾರು 9 ಬೇಕು. 5 ಕಡಿಮೆ ಬಿತ್ತು, ಅಸಲಿನ ಮಾತು ಇನ್ನೂ ಬಂದಿಲ್ಲ. ಅದೆಲ್ಲ ನಿಮ್ಮ ಸಂಬಳದಿಂದ ಹೋಗಬೇಕು. ಕೆಲಸ ಹೋದರೆ? ಬಡ್ಡಿ ಏರಿದರೆ? ಫ್ಲ್ಯಾಟ್ ಜೊತೆಗೆ ಅಮ್ಮನ ಸೂರೂ ಹೋಗಬಹುದು. ಈ ಅಪಾಯವನ್ನು ಅವರಿಗೆ ಬಿಡಿಸಿ ಹೇಳಿದ್ದೀರಾ? ವ್ಯವಹಾರ ಮುಗಿದ ದಿನ ಏಜೆಂಟ್‌ಗೆ ಕಮಿಷನ್ ಸಿಗುತ್ತದೆ, ಕಂತು ಕಟ್ಟುವವರು ನೀವು. ನಿಮ್ಮದೇ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ಕಳಿಸಿ, ನಾನು ನೋಡುತ್ತೇನೆ.

ಸದಸ್ಯ 4: ಸುಮ್ನೆ ಹೆದರಿಸ್ತೀರಿ. ಜಾಗದ ಬೆಲೆ ಯಾವತ್ತೂ ಇಳಿಯಲ್ಲ.

ಸಲಹೆಗಾರ್ತಿ: ಇಳಿಯುತ್ತೆ. ಜಪಾನ್‌ನಲ್ಲಿ 1991ರ ಸುಮಾರಿಗೆ ಇಳಿಯತೊಡಗಿದ ಜಮೀನಿನ ಬೆಲೆ ಹತ್ತು ವರ್ಷ ಕಳೆದರೂ ಇಳಿಯುತ್ತಲೇ ಇತ್ತು. ಇಂಥ ಮಾತು ನಂಬಿ ಯಾರೂ ಮನೆ ಅಡ ಇಡಬೇಡಿ.

ಸದಸ್ಯೆ 5: ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಂಡರೆ ಒಳ್ಳೆಯದಾ?

ಸದಸ್ಯ 6: ಬಾಡಿಗೆದಾರರ ಹತ್ತಿರ ದೊಡ್ಡ ಠೇವಣಿ ತಗೊಳ್ಳಿ. ಬಿಡುವಾಗ ಬಣ್ಣದ ದುಡ್ಡು ಹಿಡ್ಕೊಂಡರೆ ಆಯ್ತು.

ಸದಸ್ಯೆ 7: ವರ್ಷಗಟ್ಟಲೆ ಇದ್ದರೆ ಗೋಡೆ ಮಾಸುತ್ತೆ ಅಲ್ವಾ? ಅದಕ್ಕೆ ನಾವು ಯಾಕೆ ಕೊಡಬೇಕು?

ಸದಸ್ಯ 6: ಒಂದು ಮನೆ ಬಾಡಿಗೆಗೆ ಕೊಟ್ಟು ನೋಡಿ, ಆಮೇಲೆ ಮಾತಾಡಿ.

ಸದಸ್ಯೆ 7: ನೀವು ಬಾಡಿಗೆಗೆ ಇದ್ದು ನೋಡಿ. ನಿಮ್ಮಂಥವರಿಂದಲೇ ಜನ ಮನೆ ಬಿಟ್ಟು ಹೋಗೋದು.

ಸಲಹೆಗಾರ್ತಿ: ಇಬ್ಬರೂ ನಿಲ್ಲಿಸಿ. ಬೀಗದ ಕೈ ಕೊಡುವ ದಿನವೇ ಫೋಟೊ ತೆಗೆದು, ಪಟ್ಟಿ ಬರೆದು, ಇಬ್ಬರೂ ಸಹಿ ಹಾಕಿ. ಠೇವಣಿ ವಾಪಸ್ ಕೊಡಬೇಕಾದ ದುಡ್ಡು, ಅದನ್ನು ಆದಾಯಕ್ಕೆ ಸೇರಿಸಬೇಡಿ.

ಸದಸ್ಯ 8: ಮೊದಲು ಏನು ನೋಡಬೇಕು ಮೇಡಂ?

ಸಲಹೆಗಾರ್ತಿ: ಮೇಲೆ ಬರೆದಿದ್ದೇನೆ. ಓದಿ.

ಸದಸ್ಯೆ 2: ಇನ್ನೊಂದು ಫಾರ್ವರ್ಡ್. "3 ವರ್ಷ ಬಾಡಿಗೆ ಗ್ಯಾರಂಟಿ, ಇಂದೇ ಬುಕ್ ಮಾಡಿ."

ಸಲಹೆಗಾರ್ತಿ: ಫಾರ್ವರ್ಡ್ ಹಾಕಬೇಡಿ ಅಂದಿದ್ದೆ. ಆ ಬಾಡಿಗೆಯ ದುಡ್ಡನ್ನು ಮೊದಲೇ ಬೆಲೆಗೆ ಸೇರಿಸಿರಬಹುದು. ನಾಲ್ಕನೇ ವರ್ಷ ಯಾರು ಕೊಡುತ್ತಾರೆ?

ಸದಸ್ಯ 3: ಸಹಿ ಮುಂದೂಡಿದೆ. ಬೇರೆಯವರಿಗೆ ಕೊಡ್ತೀನಿ ಅಂತ ಏಜೆಂಟ್ ಕೂಗಾಡ್ತಿದ್ದಾರೆ.

ಸಲಹೆಗಾರ್ತಿ: ಕೊಡಲಿ ಬಿಡಿ. ಲೆಕ್ಕ ಕಳಿಸಿ. ಎರಡೂ ಸಾಲದ ಬಡ್ಡಿ ಬದಲಾಗುವಂಥದ್ದಾ ಅಂತಲೂ ಬರೆಯಿರಿ.

ಸದಸ್ಯೆ 5: ನನ್ನ ಪ್ರಶ್ನೆ ಯಾರಿಗೂ ಕಾಣಲಿಲ್ವಾ?