ಸಹಾಯ ಬೇಕು: ಶವರ್ ನಲ್ಲಿಯ ಹಿಡಿ, ಪ್ಲೇಟು ಮಾತ್ರ ಬದಲಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಬಾತ್‌ರೂಮಿನ ಶವರ್ ನಲ್ಲಿ ತುಂಬಾ ಹಳೇದು, ವಾಲ್ವ್ ಗೋಡೆಯೊಳಗಿದೆ. ಉಪ್ಪುಗಾಳಿಗೆ ಹಿಡಿಯ ಕ್ರೋಮ್ ಸಿಪ್ಪೆ ಎದ್ದಿದೆ, ಹಿಂದಿನ ದುಂಡು ಪ್ಲೇಟಿನ ಅಂಚಿಗೆಲ್ಲ ಹಸಿರು ಕಿಲುಬು. ಹಿಡಿಯ ಒಳಗಿನ ಹಲ್ಲು ಸವೆದು ಅದು ಸುಮ್ನೆ ಸುತ್ತುತ್ತದೆ, ಸ್ಪಿಂಡಲ್ (ಹಿಡಿ ಕೂರುವ ವಾಲ್ವಿನ ಕಡ್ಡಿ) ಅಲ್ಲಾಡುವುದಿಲ್ಲ. ಈಗ ಇಕ್ಕಳ ಹಿಡಿದೇ ಸ್ನಾನ!

ಇಕ್ಕಳದಲ್ಲಿ ತಿರುಗಿಸಿದರೆ ನೀರು ಸರಿಯಾಗಿ ಬರುತ್ತೆ, ನಿಲ್ಲಿಸಿದರೆ ಒಂದು ಹನಿಯೂ ಸೋರಲ್ಲ. ಅಂದ್ರೆ ವಾಲ್ವ್ ಚೆನ್ನಾಗೇ ಇದೆ ಅಲ್ವಾ? ಆದರೂ ಪ್ಲಂಬರ್ ಟೈಲ್ಸ್ ಒಡೆದು ಎಲ್ಲಾ ಹೊಸದು ಹಾಕೋಣ ಅಂತಾರೆ. ಆ ಡಿಸೈನಿನ ಟೈಲ್ಸ್ ಈಗ ಎಲ್ಲಿಂದ ತರೋದು?

ಸ್ಪಿಂಡಲ್ಲಿನ ಹಲ್ಲಿನ ಲೆಕ್ಕ ಹೊಂದದಿದ್ದರೆ ಬೇರೆ ಹಿಡಿ ಕೂರಲ್ಲ ಎಂದರು ಅಂಗಡಿಯವರು. ಪಕ್ಕದಿಂದ ಸ್ಕ್ರೂ ಬಿಗಿಯುವ, ಎಲ್ಲದಕ್ಕೂ ಆಗುವ ಹಿಡಿ ಹಾಕಿದವರಿದ್ದೀರಾ? ಬೇಗ ಸಡಿಲ ಆಗುತ್ತಾ? ಇನ್ನೊಂದು, ಹಿಡಿಯ ಮುಚ್ಚಳದ ಕೆಳಗಿನ ಸ್ಕ್ರೂ ತುಕ್ಕು ಹಿಡಿದು ತಲೆ ಸವೆದಿದೆ. ಜೋರಾಗಿ ಎಳೆದರೆ ಒಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬಿರುಕು ಬಿಡುತ್ತೇನೋ ಅನ್ನೋ ಭಯ. ಹೇಗೆ ಬಿಚ್ಚೋದು?

ಹೊಸ ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಹಾಕಬೇಕು ಅಂತಿದ್ದೇನೆ, ಉಪ್ಪಿಗೆ ಅದು ಜಾಸ್ತಿ ತಡೆಯುತ್ತೆ. ಕಾರವಾರ, ಅಂಕೋಲಾ ಕಡೆ ಎಲ್ಲಿ ಸಿಗುತ್ತೆ? ಟೈಲ್ಸ್ ಒಡೆಯದೆ ಕೆಲಸ ಮಾಡುವ ಪ್ಲಂಬರ್ ಗೊತ್ತಿದ್ದರೂ ದಯವಿಟ್ಟು ತಿಳಿಸಿ. ಫೋಟೋ ಕಾಮೆಂಟಿನಲ್ಲಿ ಹಾಕಿದ್ದೇನೆ.