ಬೇಸ್ ಗಿಟಾರು ಮತ್ತು ಪೆಡಲುಗಳ ಪದಗಳು: ಮೆಟ್ಟಿಲು, ಒಡಕು, ಹಸಿ ದನಿ

ಮಾನ್ಯರೇ,

ಬೇಸ್ ಗಿಟಾರನ್ನು ನುಡಿಸುವವನಾಗಿ ಆ ವಾದ್ಯದ ಬಗ್ಗೆಯೂ, ಅದಕ್ಕೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕೂತು ದನಿಯ ಬಣ್ಣ ಬದಲಿಸುವ ಎಫೆಕ್ಟ್ ಪೆಡಲುಗಳ ಬಗ್ಗೆಯೂ ಕನ್ನಡದಲ್ಲಿ ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಬರೆಯುತ್ತ ಹೋದಂತೆ ಹಲವು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ. ನಿಘಂಟಿನ ನೆರವಿನಿಂದ ಹೊಸ ಪದಗಳನ್ನು ಟಂಕಿಸುವ ಆಸೆ ನನಗಿಲ್ಲ. ವೀಣೆ, ತಂಬೂರಿ, ಹಾರ್ಮೋನಿಯಂ ಬಲ್ಲವರ ಮತ್ತು ಮೈಕ್‌ಸೆಟ್ ನಡೆಸುವವರ ಬಾಯಲ್ಲಿ ಈಗಾಗಲೇ ಇರುವ ಮಾತುಗಳು ಈ ವಿದ್ಯುತ್ ವಾದ್ಯದ ಮಟ್ಟಿಗೆ ಎಷ್ಟು ದೂರ ಒದಗುತ್ತವೆ ಎಂಬುದಷ್ಟೇ ನನ್ನ ಕುತೂಹಲ. ನನಗೆ ತೋಚಿದ್ದನ್ನು ಕೆಳಗೆ ನಿವೇದಿಸಿದ್ದೇನೆ; ಬಲ್ಲವರು ತಿದ್ದಬೇಕು.

ಮೊದಲ ತೊಡಕು ವಾದ್ಯದ ಹೆಸರಿನಲ್ಲೇ ಇದೆ. ಅದನ್ನು ‘ಬಾಸ್’ ಎಂದು ಬರೆಯುವವರೂ ಇದ್ದಾರೆ, ‘ಬೇಸ್’ ಎಂದು ಬರೆಯುವವರೂ ಇದ್ದಾರೆ. ಉಚ್ಚಾರಣೆಗೆ ಎರಡನೆಯದೇ ಹತ್ತಿರ. ಅದೂ ಅಲ್ಲದೆ, ಪೆಡಲುಗಳನ್ನು ತಯಾರಿಸುವ ಜಪಾನಿನ ಪ್ರಸಿದ್ಧ ಬ್ರಾಂಡಿನ ಹೆಸರೇ ಬಾಸ್ ಆಗಿರುವುದರಿಂದ, ‘ಬಾಸ್ ಪೆಡಲು’ ಎಂದು ಬರೆದರೆ ಅದು ಆ ಬ್ರಾಂಡಿನ ಪೆಡಲೋ ಬೇಸ್ ಗಿಟಾರಿಗಾಗಿ ಮಾಡಿದ ಪೆಡಲೋ ಎಂಬುದು ಓದುಗರಿಗೆ ತಿಳಿಯುವುದಿಲ್ಲ. ‘ಬೇಸ್’ ಎಂದು ಬರೆದಾಗ ತಳ ಎಂಬ ಅರ್ಥದ ಇನ್ನೊಂದು ಇಂಗ್ಲಿಷ್ ಪದದೊಡನೆ ಗೊಂದಲವಾಗಬಹುದಾದರೂ, ಹಾಡಿನ ತಳವನ್ನು ಹಿಡಿದು ನಿಲ್ಲುವ ವಾದ್ಯವಾದ್ದರಿಂದ ಆ ಗೊಂದಲ ಹಾನಿಕರವೇನಲ್ಲ. ರಾಯಚೂರು, ಬಳ್ಳಾರಿಯ ಕಡೆ ‘ಬೇಸು’ ಎಂದರೆ ಚೆನ್ನಾಗಿರುವುದು ಎಂಬ ಅರ್ಥವಿರುವುದೂ ನನ್ನಂಥವರಿಗೆ ಒಳಗೊಳಗೇ ಸಂತೋಷದ ವಿಷಯ.

‘ಮಂದ್ರ ಗಿಟಾರು’ ಎಂದು ಬರೆಯಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದ್ದಾರೆ. ಕಿವಿಗೆ ಹಿತವಾದ ಹೆಸರೇ ಹೌದು, ಆದರೆ ಮಂದ್ರವೆಂಬ ಕೆಳಗಿನ ಸ್ಥಾಯಿ ಹಾಡುವವರ ಆಧಾರ ಷಡ್ಜವನ್ನು ಅವಲಂಬಿಸಿದ್ದು. ಶ್ರುತಿ ಬದಲಾದರೆ ಮಂದ್ರವೂ ಬದಲಾಗುತ್ತದೆ. ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಇ, ಎ, ಡಿ, ಜಿ ಎಂಬ ಸ್ಥಿರ ಸ್ವರಗಳಿಗೆ ಕೂಡಿಸುವುದು ರೂಢಿ. ಅವುಗಳ ಕಂಪನಾಂಕಗಳು ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಸ್. ಮೂರು ಮನೆ ಶ್ರುತಿಗೆ, ಎಂದರೆ ಇ ಸ್ವರಕ್ಕೆ, ಕೂಡಿಸಿದ ವೀಣೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದರ ಮೊದಲ ತಂತಿಯಾದ ಸಾರಣಿ ಸುಮಾರು 165 ಹರ್ಟ್ಸಿನಲ್ಲಿಯೂ, ಮಂದ್ರದ ತಂತಿ ಸುಮಾರು 82ರಲ್ಲಿಯೂ, ಅನುಮಂದ್ರದ ತಂತಿ ಸುಮಾರು 62ರಲ್ಲಿಯೂ ನುಡಿಯುತ್ತವೆ. ಬೇಸಿನ ದಪ್ಪ ತಂತಿ ಇವೆಲ್ಲಕ್ಕಿಂತ ಕೆಳಗೆ, ಆ ಶ್ರುತಿಯ ಅನುಮಂದ್ರ ಷಡ್ಜದಲ್ಲಿ ನಿಲ್ಲುತ್ತದೆ. ಐದು ತಂತಿಯ ಬೇಸಿನ ಕೆಳಗಿನ ಬಿ ಸ್ವರ 31 ಹರ್ಟ್ಸಿನ ಆಸುಪಾಸಿನದು. ಅದಕ್ಕೆ ಸ್ಥಾಯಿಯ ಹೆಸರನ್ನು ಹುಡುಕುವುದೇ ಕಷ್ಟ. ಆದ್ದರಿಂದ ವಾದ್ಯವನ್ನು ಬೇಸ್ ಎಂದೇ ಕರೆದು, ದನಿಯನ್ನು ವರ್ಣಿಸುವಾಗ ಮಾತ್ರ ಮಂದ್ರ, ಅನುಮಂದ್ರಗಳನ್ನು ಬಳಸುವುದು ಲೇಸೆಂದು ತೋರುತ್ತದೆ. ತಂತಿಗಳ ಹೆಸರನ್ನೂ ವೀಣೆಯಿಂದ ತರುವಂತಿಲ್ಲ. ವೀಣೆಯ ತಂತಿಗಳು ಷಡ್ಜ ಪಂಚಮಗಳಿಗೆ ಕೂಡಿರುತ್ತವೆ. ಬೇಸಿನಲ್ಲಾದರೋ ಪ್ರತಿ ತಂತಿಯೂ ತನ್ನ ಕೆಳಗಿನದಕ್ಕಿಂತ ಶುದ್ಧ ಮಧ್ಯಮದಷ್ಟು ಮೇಲಿರುತ್ತದೆ.

ವಾದ್ಯದ ಅಂಗಗಳಿಗೆ ಬಂದರೆ ದಾರಿ ಸುಗಮ. ತಂತಿ ಬಿಗಿಯುವ ಬಿರಡೆ, ತಂತಿಯನ್ನು ಹೊರುವ ಕುದುರೆ, ಬೆರಳೋಡುವ ದಂಡಿ ಎಂಬ ಪದಗಳನ್ನು ಯಾವ ಅಳುಕೂ ಇಲ್ಲದೆ ಬಳಸಿದ್ದೇನೆ. ದಂಡಿಯ ಮೇಲೆ ಸ್ವರದ ಜಾಗ ಗುರುತಿಸುವ ಅಡ್ಡಪಟ್ಟಿಗೆ, ಎಂದರೆ ಫ್ರೆಟ್ ಎಂಬುದಕ್ಕೆ, ವೀಣೆಯವರ ‘ಮೆಟ್ಟಿಲು’ ಸಿದ್ಧವಾಗಿಯೇ ಇದೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ ಮೇಳ ಕಟ್ಟುತ್ತಾರೆ, ಬೇಸಿನಲ್ಲಿ ಲೋಹದ ಸಣ್ಣ ಪಟ್ಟಿಗಳನ್ನು ಮರದ ಸೀಳಿಗೆ ಬಡಿದು ಕೂರಿಸುತ್ತಾರೆ ಎಂಬ ವ್ಯತ್ಯಾಸವಿದ್ದರೂ ಕೆಲಸ ಒಂದೇ. ಈ ಮೆಟ್ಟಿಲುಗಳೇ ವಾದ್ಯದ ಇತಿಹಾಸದ ಮುಖ್ಯ ಸಂಗತಿಯೂ ಹೌದು. ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸಿಗೆ ಪ್ರಿಸಿಷನ್ ಎಂಬ ಹೆಸರು ಬಂದದ್ದು, ಮೆಟ್ಟಿಲುಗಳಿಲ್ಲದ ದೊಡ್ಡ ಡಬಲ್ ಬೇಸಿನಲ್ಲಿ ಕಿವಿಯ ಅಂದಾಜಿನಿಂದ ಹಿಡಿಯಬೇಕಾಗಿದ್ದ ಸ್ವರ ಇಲ್ಲಿ ನಿಖರವಾಗಿ ಸಿಗುತ್ತದೆ ಎಂಬ ಕಾರಣಕ್ಕೆ. ಮುಂದೆ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫೆಂಡರ್‌ನವರದೇ ಮಾದರಿಯಾದ ತನ್ನ ಜಾಸ್ ಬೇಸಿನಿಂದ ಅದೇ ಮೆಟ್ಟಿಲುಗಳನ್ನು ಕಿತ್ತು ನುಡಿಸಿ ಹೆಸರಾದ. ಇಂಥ ವಾದ್ಯವನ್ನು ‘ಮೆಟ್ಟಿಲುರಹಿತ ಬೇಸ್’ ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ ಬರುತ್ತದೆಯಾದ್ದರಿಂದ ‘ಬೋಳು ದಂಡಿಯ ಬೇಸ್’ ಎಂದು ಬರೆದಿದ್ದೇನೆ. ಇದರಲ್ಲಿ ಯಾರಿಗಾದರೂ ಅಶುಭದ ಧ್ವನಿ ಕೇಳಿಸಿದರೆ ದಯವಿಟ್ಟು ತಿಳಿಸಬೇಕು.

ನನ್ನ ಮುಖ್ಯ ಪ್ರಶ್ನೆ ಇರುವುದು ಓವರ್‌ಡ್ರೈವ್, ಡಿಸ್ಟಾರ್ಷನ್, ಫಜ್ ಎಂಬ ಮೂರು ಪದಗಳ ಬಗ್ಗೆ. ಮೂರರಲ್ಲಿಯೂ ನಡೆಯುವುದು ಒಂದೇ ಕ್ರಿಯೆ: ಪೆಡಲಿನೊಳಗಿನ ವಿದ್ಯುತ್ ಮಂಡಲ ತಾಳಬಲ್ಲ ಮಿತಿಗಿಂತ ದೊಡ್ಡದಾದ ಅಲೆಯನ್ನು ಅದರೊಳಗೆ ಹಾಯಿಸಿದಾಗ ಅಲೆಯ ಮೇಲ್ತುದಿ ಕೆಳತುದಿಗಳು ಚಪ್ಪಟೆಯಾಗಿ, ಮೂಲ ಸ್ವರದಲ್ಲಿ ಇಲ್ಲದ ಅಥವಾ ಕ್ಷೀಣವಾಗಿದ್ದ ಉಪಸ್ವರಗಳು ಎದ್ದು ಬರುತ್ತವೆ. ತುದಿಗಳು ಮೆಲ್ಲಗೆ ಬಾಗಿದರೆ ಓವರ್‌ಡ್ರೈವ್, ಕತ್ತರಿಸಿದಂತಾದರೆ ಡಿಸ್ಟಾರ್ಷನ್, ಅಲೆಯೇ ಬಹುಮಟ್ಟಿಗೆ ಚೌಕವಾದರೆ ಫಜ್. ಡಿಸ್ಟಾರ್ಷನ್ನಿಗೆ ನಿಘಂಟುಗಳು ಕೊಡುವ ‘ವಿಕೃತಿ’ ಇಲ್ಲಿ ಸಲ್ಲದು. ಕರ್ನಾಟಕ ಸಂಗೀತದಲ್ಲಿ ಷಡ್ಜ ಪಂಚಮಗಳು ಬದಲಾಗದ ಪ್ರಕೃತಿ ಸ್ವರಗಳಾಗಿ ಉಳಿದ ಐದು ಬದಲಾಗುವ ವಿಕೃತಿ ಸ್ವರಗಳಾಗಿರುವಾಗ ಅದೇ ಪದವನ್ನು ಇನ್ನೊಂದು ಅರ್ಥಕ್ಕೆ ಎಳೆಯುವುದು ಅನ್ಯಾಯ. ‘ವಿರೂಪ’ವೆಂದರೆ ಬಯಸಿ ಪಡೆಯುವ ಗುಣವೊಂದು ದೋಷವಾಗಿಬಿಡುತ್ತದೆ. ‘ಗೊಗ್ಗರು ದನಿ’ ಹತ್ತಿರಕ್ಕೆ ಬರುತ್ತದೆಯಾದರೂ ಅದು ಶೀತ ಹಿಡಿದ ಗಂಟಲಿನದು.

ಉತ್ತರ ಸಿಕ್ಕಿದ್ದು ಮೈಕ್‌ಸೆಟ್‌ನವರಿಂದ. ಧ್ವನಿವರ್ಧಕಕ್ಕೆ ಅಳತೆ ಮೀರಿ ದನಿ ಕೊಟ್ಟಾಗ ಅವರು ‘ಸೌಂಡು ಒಡೀತಾ ಇದೆ’ ಎನ್ನುತ್ತಾರೆ. ಆಗುತ್ತಿರುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕ್ರಿಯಾಪದ ನನಗೆ ಸಿಕ್ಕಿಲ್ಲ. ಅದನ್ನೇ ಹಿಡಿದು ಓವರ್‌ಡ್ರೈವಿಗೆ ‘ಬಿರಿದ ದನಿ’, ಡಿಸ್ಟಾರ್ಷನ್ನಿಗೆ ‘ಒಡೆದ ದನಿ’ ಎಂದು ಎರಡು ಹಂತ ಮಾಡಿಕೊಂಡಿದ್ದೇನೆ. ಬಿರಿಯುವುದು ಮೊಗ್ಗಿಗೂ ಸಲ್ಲುವ ಮಾತಾದ್ದರಿಂದ ಅದರಲ್ಲಿ ಕೇಡಿನ ಸೂಚನೆಯಿಲ್ಲ. ಫಜ್ ಎಂಬುದರ ಮೂಲಾರ್ಥ ನವಿರಾದ ಎಳೆಗಳ ಮುದ್ದೆ. ತೆಂಗಿನಕಾಯಿಯ ‘ಜುಂಗು’ ಅದೇ ಅರ್ಥದ್ದು. ‘ಜುಂಗು ದನಿ’ ಎಂದರೆ ಓದುಗರು ನಗುತ್ತಾರೆಯೇ ಎಂಬ ಅಳುಕು ಇದೆ, ಆದರೆ ಇಂಗ್ಲಿಷಿನವರೂ ಮೊದಲು ನಕ್ಕೇ ಇರಬೇಕು.

ಒಡೆಯುವುದೆಂಬ ಪದವನ್ನು ಸಮರ್ಥಿಸಲು ಇನ್ನೊಂದು ಕಾರಣವಿದೆ, ಮತ್ತು ಅದು ಬೇಸಿಗೆ ನೇರವಾಗಿ ಸಂಬಂಧಿಸಿದ್ದು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಹೊರಬಂದ ಹಾಡೊಂದರ ಮುದ್ರಣದ ವೇಳೆ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬೇಸ್, ಧ್ವನಿಮುದ್ರಣ ಯಂತ್ರದ ಕೆಟ್ಟುಹೋಗಿದ್ದ ಒಂದು ಭಾಗದ ಮೂಲಕ ಹಾಯ್ದು ಗರಗರನೆ ಕೇಳಿಸಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಆಗ ತಂತ್ರಜ್ಞರಾಗಿದ್ದ ಗ್ಲೆನ್ ಸ್ನಾಡಿ ಮುಂದೆ ಅದೇ ದನಿಯನ್ನು ಬೇಕೆಂದಾಗ ಕೊಡುವ ಮಂಡಲವನ್ನು ರೂಪಿಸಲು ನೆರವಾದರು. ಗಿಬ್ಸನ್ ಸಂಸ್ಥೆ ಅದನ್ನು 1962ರಲ್ಲಿ ಮಾಯೆಸ್ಟ್ರೋ ಫಜ್‌ಟೋನ್ ಎಂಬ ಹೆಸರಿನ ಪೆಟ್ಟಿಗೆಯಾಗಿ ಮಾರಿತು. ಎಂದರೆ ಫಜ್ ಪೆಡಲುಗಳ ವಂಶ ಹುಟ್ಟಿದ್ದೇ ಕೆಟ್ಟ ಯಂತ್ರದಲ್ಲಿ ಒಡೆದ ಬೇಸಿನ ದನಿಯಿಂದ. ಗಿಟಾರಿನವರು ಇದನ್ನು ತಮ್ಮ ಸೊತ್ತೆಂದು ಭಾವಿಸಿರುವುದರಿಂದ ಈ ಮಾತನ್ನು ಸ್ವಲ್ಪ ಒತ್ತಿಯೇ ಹೇಳುತ್ತಿದ್ದೇನೆ.

ತಂಬೂರಿಯ ‘ಜೀವಾಳ’ವನ್ನು ಫಜ್‌ಗೆ ಬಳಸಬಾರದೇಕೆ ಎಂದು ಕೆಲವರು ಕೇಳಬಹುದು. ಕುದುರೆಯ ಮೇಲೆ ತಂತಿಯಡಿ ಎಳೆಯೊಂದನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ತಂತಿ ಕುದುರೆಯನ್ನು ಸವರುತ್ತ ಕಂಪಿಸಿ ಉಪಸ್ವರಗಳು ಅರಳುವ ಆ ಏರ್ಪಾಡು, ಬಯಸಿ ಪಡೆದ ಝೇಂಕಾರವೆಂಬ ಮಟ್ಟಿಗೆ ಫಜ್‌ಗೆ ಬಂಧುವೇ. ಆದರೆ ಬೋಳು ದಂಡಿಯ ಬೇಸನ್ನು ನುಡಿಸಿದ ಮೇಲೆ ಈ ಪದದ ನಿಜವಾದ ಜಾಗ ಬೇರೆಡೆ ಇದೆಯೆಂದು ನನಗನಿಸಿದೆ. ಮೆಟ್ಟಿಲಿಲ್ಲದ ದಂಡಿಯ ಮೇಲೆ ಬೆರಳೊತ್ತಿ ಮೀಟಿದಾಗ ತಂತಿ ಮರದ ಮೈಯನ್ನು ತುಸುವೇ ಸವರುತ್ತ ಕಂಪಿಸುವುದರಿಂದ, ಸ್ವರ ಹುಟ್ಟಿದ ಮರುಕ್ಷಣ ಬಾಯಿ ತೆರೆದಂತೆ ಅರಳುತ್ತದೆ. ಬೇಸ್ ವಾದಕರು ಇದನ್ನು ‘ಮ್ವಾ’ ಎಂಬ ಅನುಕರಣ ಶಬ್ದದಿಂದಲೇ ಕರೆಯುತ್ತಾರೆ. ತಂತಿಯೊಂದು ಗಟ್ಟಿ ಮೈಯನ್ನು ಸವರಿ ಪಡೆಯುವ ಝೇಂಕಾರ ತಂಬೂರಿಯಲ್ಲಿಯೂ ಇಲ್ಲಿಯೂ ಒಂದೇ ಬಗೆಯದು. ಆದ್ದರಿಂದ ಜೀವಾಳವನ್ನು ‘ಮ್ವಾ’ಕ್ಕೆ ಮೀಸಲಿಟ್ಟು, ವಿದ್ಯುತ್ತಿನಿಂದ ಹುಟ್ಟುವುದನ್ನು ಒಡೆದ ದನಿಯ ಬಳಗಕ್ಕೆ ಬಿಡಬೇಕೆಂಬುದು ನನ್ನ ಪಕ್ಷ. ವೀಣೆ, ತಂಬೂರಿಗಳನ್ನು ಕೈಯಾರೆ ಸರಿಪಡಿಸುವವರು ಯಾರಾದರೂ ಈ ಬಗ್ಗೆ ಅಭಿಪ್ರಾಯ ಹೇಳಿದರೆ ಬಹಳ ಉಪಕಾರವಾಗುತ್ತದೆ.

ಇದಕ್ಕೆ ತಗಲಿಕೊಂಡೇ ಬರುವ ಇನ್ನೊಂದು ಪದಜೋಡಿ ‘ಡ್ರೈ’ ಮತ್ತು ‘ವೆಟ್’. ಗಿಟಾರಿಗೆಂದು ಮಾಡಿದ ಬಿರಿದ ದನಿಯ ಪೆಡಲುಗಳು ಬೇಸಿಗೆ ಹಾಕಿದಾಗ ತಳವನ್ನು ನುಂಗಿಬಿಡುತ್ತವೆ. ಪ್ರಸಿದ್ಧವಾದ ಟ್ಯೂಬ್ ಸ್ಕ್ರೀಮರ್ ಪೆಡಲಿನ ಮಂಡಲವು ಸುಮಾರು 720 ಹರ್ಟ್ಸಿಗಿಂತ ಕೆಳಗಿನ ದನಿಯನ್ನು ಹಿಗ್ಗಿಸುವುದು ಕಡಿಮೆ; ನಮ್ಮ ವಾದ್ಯದ ಮೂಲ ಸ್ವರಗಳು ಬಹುತೇಕ ಎಲ್ಲವೂ ಅದಕ್ಕಿಂತ ಬಹಳ ಕೆಳಗೆ ಇರುವವು. ತಾಲೀಮಿನ ಕೋಣೆಯಲ್ಲಿ ಒಬ್ಬನೇ ನುಡಿಸುವಾಗ ಸೊಗಸಾಗಿದ್ದ ದನಿ, ಡ್ರಮ್ಮು ಗಿಟಾರುಗಳು ಸೇರಿದೊಡನೆ ಎಲ್ಲಿ ಹೋಯಿತೆಂದು ಹುಡುಕುವ ಅನುಭವ ಬೇಸ್ ವಾದಕರಿಗೆ ಹೊಸದಲ್ಲ. ಅದಕ್ಕಾಗಿಯೇ ಬೇಸಿನ ಪೆಡಲುಗಳಲ್ಲಿ, ಪೆಡಲು ಮುಟ್ಟದ ಮೂಲ ದನಿಯನ್ನು ಒಡೆದ ದನಿಯೊಡನೆ ಬೇಕಾದ ಪ್ರಮಾಣದಲ್ಲಿ ಬೆರೆಸುವ ತಿರುಗುಗುಂಡಿಯೊಂದನ್ನು ಇಡುತ್ತಾರೆ. ಆ ಮೂಲ ದನಿಗೆ ಡ್ರೈ ಎಂದೂ ಪೆಡಲಿನಿಂದ ಹಾಯ್ದು ಬಂದದ್ದಕ್ಕೆ ವೆಟ್ ಎಂದೂ ಹೆಸರು. ಕನ್ನಡದಲ್ಲಿ ಸಂಸ್ಕಾರಗೊಳ್ಳದ್ದನ್ನು ಸಹಜವಾಗಿ ‘ಹಸಿ’ ಎನ್ನುತ್ತೇವೆ: ಹಸಿ ತರಕಾರಿ, ಹಸಿ ಇಟ್ಟಿಗೆ. ಹಾಗಾಗಿ ಪೆಡಲು ಮುಟ್ಟದ ದನಿ ‘ಹಸಿ ದನಿ’ಯಾಗಬೇಕು. ತೇವವುಳ್ಳದ್ದಕ್ಕೂ ಹಸಿಯೆಂಬುದೇ ಪದವಾಗಿರುವುದರಿಂದ, ಇಂಗ್ಲಿಷಿನವರು ಒಣಗಿದ್ದೆನ್ನುವುದನ್ನು ನಾವು ಒದ್ದೆಯೆಂದಂತಾಗುತ್ತದೆ! ಪೆಡಲಿನ ಮೇಲೆ ಮುದ್ರಿತವಾದ ಪದವನ್ನೂ ನನ್ನ ಲೇಖನವನ್ನೂ ಒಟ್ಟಿಗೆ ನೋಡುವ ಹುಡುಗನೊಬ್ಬ ಗುಂಡಿಯನ್ನು ತಲೆಕೆಳಗಾಗಿ ತಿರುಗಿಸುವುದು ಖಂಡಿತ. ಆದರೂ ನನ್ನ ಒಲವು ಹಸಿ ದನಿಯ ಕಡೆಗೇ ಇದೆ. ಇದಿರು ಪದವಾಗಿ ‘ಪಳಗಿದ ದನಿ’ ಹೊಂದುತ್ತದೆಯೇ?

ಚಿಕ್ಕಪುಟ್ಟವು ಇನ್ನು ಕೆಲವಿವೆ. ಕೋಣೆಯಲ್ಲಿ ದನಿ ಉಳಿದು ಗುಂಗುಡುವಂತೆ ಕೇಳಿಸುವ ರಿವರ್ಬಿಗೆ ಪಠ್ಯಪುಸ್ತಕದ ‘ಅನುರಣನ’ ಸಾಕು, ದನಿಯನ್ನು ತುಸು ತಡವಾಗಿ ಮರಳಿಸುವ ಡಿಲೇಗೆ ‘ಮಾರ್ದನಿ’ ಧಾರಾಳವಾಗಿ ಸಾಕು. ದನಿಯ ಏರಿಳಿತವನ್ನು ತಗ್ಗಿಸುವ ಕಂಪ್ರೆಸರನ್ನು ಹಾಗೆಯೇ ಬಿಡುತ್ತೇನೆ, ಪಂಕ್ಚರ್ ಅಂಗಡಿಯ ನೆನಪಾದರೂ ಚಿಂತೆಯಿಲ್ಲ. ಆಕ್ಟಿವ್ ಮತ್ತು ಪ್ಯಾಸಿವ್ ಬೇಸುಗಳು ಮಾತ್ರ ಕಾಡುತ್ತವೆ. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್ಲಿಫೈಯರನ್ನು ಒಡಲಿನಲ್ಲೇ ಇಟ್ಟುಕೊಂಡದ್ದು ಆಕ್ಟಿವ್, ಅದಿಲ್ಲದ್ದು ಪ್ಯಾಸಿವ್. ಇವನ್ನು ಸಕ್ರಿಯ, ನಿಷ್ಕ್ರಿಯ ಎಂದು ಅನುವಾದಿಸಿದರೆ ಎರಡನೆಯದು ಕೆಟ್ಟು ಮೂಲೆಗೆ ಸೇರಿದ ವಾದ್ಯವೆಂದೋ ಬಾಂಬ್ ನಿಷ್ಕ್ರಿಯ ದಳಕ್ಕೆ ಸೇರಿದ್ದೆಂದೋ ತೋರುತ್ತದೆ. ‘ಬ್ಯಾಟರಿಯ ಬೇಸ್’, ‘ಬರಿಯ ಬೇಸ್’ ಎಂದು ಬರೆದು ಮುಂದೆ ಸಾಗಿದ್ದೇನೆ.

ಉಳಿದದ್ದು ಪೆಡಲು ಎಂಬ ಪದವೇ. ಸೈಕಲ್ಲಿನ ಪೆಡಲು, ಹೊಲಿಗೆ ಯಂತ್ರದ ಪೆಡಲು ನಮಗೆಲ್ಲ ಪರಿಚಿತ. ಅವನ್ನು ತುಳಿಯುತ್ತಲೇ ಇರಬೇಕು. ಎಫೆಕ್ಟ್ ಪೆಡಲನ್ನು ಹೆಚ್ಚಿನ ಪಾಲು ಒಮ್ಮೆ ಮೆಟ್ಟಿ ಬಿಡುವುದಷ್ಟೇ, ಮತ್ತೊಮ್ಮೆ ಮೆಟ್ಟಿದರೆ ಆರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿರುವ ‘ಸ್ಟಾಂಪ್‌ಬಾಕ್ಸ್’ ಎಂಬ ಇನ್ನೊಂದು ಹೆಸರಿಗೆ ಸರಿಯಾಗಿ ‘ಮೆಟ್ಟುಪೆಟ್ಟಿಗೆ’ ಎಂದರೆ ನಾಲಿಗೆಗೂ ಸರಾಗ, ಅರ್ಥಕ್ಕೂ ಸರಿ. ಆದರೆ ಮೆಟ್ಟಿಲನ್ನು ಮೆಟ್ಟು ಎನ್ನುವ ರೂಢಿಯೂ ಇರುವುದರಿಂದ, ಒಂದೇ ಲೇಖನದಲ್ಲಿ ಬೆರಳಿನ ಕೆಳಗೊಂದು ಮೆಟ್ಟು, ಕಾಲಿನ ಕೆಳಗೊಂದು ಮೆಟ್ಟು ಬರುತ್ತದೆ. ಇನ್ನು ವಾ ಪೆಡಲು, ವಾಲ್ಯೂಮ್ ಪೆಡಲುಗಳಂತೂ ಮೆಟ್ಟುವವೇ ಅಲ್ಲ. ಅವುಗಳ ಮೇಲೆ ಪಾದವಿಟ್ಟು ಹಿಂದುಮುಂದಕ್ಕೆ ತೂಗಬೇಕು.

ವೃತ್ತಿ ನಾಟಕ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದವರು ತಿದಿಗೆ ಗಾಳಿ ತುಂಬಲು ಎರಡೂ ಪಾದಗಳಿಂದ ಹಲಗೆಗಳನ್ನು ಒತ್ತುತ್ತಿದ್ದರಷ್ಟೆ. ಆ ಹಲಗೆಗೆ ಕಂಪನಿಯ ಮಂದಿ ಪೆಡಲು ಎಂದೇ ಅನ್ನುತ್ತಿದ್ದರೋ, ಅಥವಾ ಅವರದೇ ಆದ ಕನ್ನಡ ಹೆಸರೊಂದು ಇತ್ತೋ? ನೇಕಾರರ ಮಗ್ಗದಲ್ಲಿ ಕಾಲಿನಿಂದ ತುಳಿಯುವ ಪಟ್ಟಿಗೆ ಬೇರೆ ಬೇರೆ ಊರುಗಳಲ್ಲಿ ಏನೆನ್ನುತ್ತಾರೆ? ಬಾಗಲಕೋಟೆ, ಗದಗಿನ ಕಡೆಯವರು ತಮ್ಮ ಮನೆಗಳಲ್ಲಿ ಕೇಳಿದ ರೂಪವನ್ನು, ಉಚ್ಚಾರಣೆಯೊಡನೆ ಮತ್ತು ಸಾಧ್ಯವಾದರೆ ಬಳಸುವ ವಾಕ್ಯವೊಂದರೊಡನೆ ಬರೆದು ತಿಳಿಸಿದರೆ, ಲೇಖನದ ಆ ಭಾಗವನ್ನು ಅಲ್ಲಿಯವರೆಗೆ ಬಿಟ್ಟಿಟ್ಟಿರುತ್ತೇನೆ.