ಸಹಾಯ ಬೇಕು: ಮಂಡಕಳ್ಳಿ–ಹೈದರಾಬಾದ್ ವಿಮಾನದ ನಿಜವಾದ ಸಮಯ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದ್ ಮೂಲಕ ದೆಹಲಿಗೆ ಹೋಗುವ ಹಿರಿಯರಿಬ್ಬರಿಗೆ ದಾರಿ ಗೊತ್ತು ಮಾಡಬೇಕಿದೆ.

ಮಂಡಕಳ್ಳಿಯಿಂದ ಹೈದರಾಬಾದ್‌ಗೆ ನೇರ ಗೆರೆ ಎಳೆದರೆ ಸುಮಾರು 590 ಕಿ.ಮೀ. ನಮ್ಮ ರನ್‌ವೇ 1,740 ಮೀಟರ್ ಅಷ್ಟೇ, ಹಾಗಾಗಿ ಬರುವುದು ರೆಕ್ಕೆಗೆ ಪಂಕವಿರುವ ಎಟಿಆರ್ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜೆಟ್ಟಿನ 800ರ ಲೆಕ್ಕ ಹಾಕಿದರೆ ಎಡವಟ್ಟು. ಗಾಳಿಯಲ್ಲೇ 70 ನಿಮಿಷ ಬೇಕು. ಎದುರುಗಾಳಿ ಗಂಟೆಗೆ 50 ಕಿ.ಮೀ. ಇದ್ದರೆ ಏಳೆಂಟು ನಿಮಿಷ ಜಾಸ್ತಿ. ಏರುವುದು, ಇಳಿಯುವ ಸರದಿಗೆ ಸುತ್ತುವುದು, ನೆಲದ ಮೇಲಿನ ಓಡಾಟ ಸೇರಿದರೆ ಇನ್ನರ್ಧ ಗಂಟೆ. ಟಿಕೆಟ್‌ನಲ್ಲಿರುವುದು ಇದೆಲ್ಲ ಸೇರಿದ ಸಮಯ. ದೂರ ತೋರಿಸುವ ಆ್ಯಪ್‌ಗಳದ್ದು ಬರೀ ಹಾರಾಟದ್ದು.

ಇತ್ತೀಚೆಗೆ ಈ ವಿಮಾನದಲ್ಲಿ ಹೋದವರು ದಯವಿಟ್ಟು ತಿಳಿಸಿ: ಬಾಗಿಲು ಹಾಕಿದ್ದು ಎಷ್ಟಕ್ಕೆ, ಅಲ್ಲಿ ಬಾಗಿಲು ತೆಗೆದದ್ದು ಎಷ್ಟಕ್ಕೆ, ಲಗೇಜ್ ಬೆಲ್ಟಿಗೆ ಬಂದದ್ದು ಎಷ್ಟಕ್ಕೆ? ಮಳೆಗಾಲದ್ದಾದರೆ ಇನ್ನೂ ಒಳ್ಳೆಯದು.

ಮುಂದಿನ ಹೈದರಾಬಾದ್–ದೆಹಲಿ ಹಾರಾಟ ಸುಮಾರು 1,260 ಕಿ.ಮೀ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಸಿಗದಿದ್ದರೆ ಲಗೇಜ್ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತೆ, ಮೊದಲನೆಯದು ತಡವಾದರೆ ಎರಡನೆಯ ಟಿಕೆಟ್ ದುಡ್ಡು ಹೋದಂತೆಯೇ. ಮೂರು ಗಂಟೆ ಅಂತರ ಸಾಕೇ?

ಫ್ಲೈಬಸ್ ಹಿಡಿದು ದೇವನಹಳ್ಳಿಗೆ (ಬೆಂಗಳೂರು ವಿಮಾನ ನಿಲ್ದಾಣಕ್ಕೆ) ಹೋಗಿ ಅಂತ ಹೇಳುವವರಿಗೆ: ಗೊತ್ತು, ಅಲ್ಲಿಂದ ದೆಹಲಿ ಸುಮಾರು 1,700 ಕಿ.ಮೀ., ಮೂರು ಗಂಟೆಯೊಳಗೆ ನೇರ. ಆದರೆ ನಾಲ್ಕು ಗಂಟೆ ಬಸ್ಸಿನಲ್ಲಿ ಕೂರಲು ಆ ಹಿರಿಯರಿಗೆ ಮಂಡಿನೋವು.